ಅಡ್ಡ ಇಟ್ಟ ಮೂರು ಕಾರು

...ಅಂತ ಕೇಳ್ತಾಳೆ ಹೊಳೆದಂಡೆ ಸರಿಮಾಡೋಕೆ ಬಂದ ಆ ಎಂಜಿನಿಯರ್ ಹುಡುಗಿ ನನ್ನನ್ನ. ‘ಬರ್ನೀಸ್ ಅವರೇ, ಇಷ್ಟೊಂದು ಕಾರು ಪ್ರವಾಹದಲ್ಲಿ ತೇಲಿ ಬಂದ್ವಾ?’ ಅಂತ. ತೇಲಿ ಬಂದು, ದಡದುದ್ದಕ್ಕೂ ಸಾಲಾಗಿ ನಿಂತು, ಒಂದಕ್ಕೊಂದು ಉಕ್ಕಿನ ಹಗ್ಗ ಬಿಗಿದುಕೊಂಡ್ವಂತೆ. ನಾವೇ ಹೂತಿದ್ದು ತಾಯಿ, ನಾನೂ ನನ್ನ ಗಂಡ ಕ್ಲಿಫರ್ಡೂ, ನದಿ ನಮ್ಮ ಹೊಲ ತಿನ್ನದೇ ಇರ್ಲಿ ಅಂತ, ಅಂದೆ. ಬರ್ಕೊಂಡ್ಳು.

ಕೂತ್ಕೊಳೆ ಆರ್ಡಿಸ್. ಪಿಕಪ್ಪಿನ ಹಿಂಬಾಗಿಲು ಇಳಿಸಿದ್ದೀನಿ, ಇಬ್ಬರು ಮುದುಕೀರಿಗೆ ಧಾರಾಳವಾಯ್ತು. ಎದುರು ದಡದಲ್ಲೇ ಮನೆ, ಆದ್ರೂ ಸೇತುವೆ ಸುತ್ತಿ ಏಳು ಮೈಲಿ ಬಂದಿದ್ದೀಯ. ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ... ಕಾಫಿಗೆ ಸಕ್ಕರೆ ಹಾಕಿಲ್ಲ, ನಿನಗೆ ಆಗಲ್ಲ ಅಂತ ಗೊತ್ತು. ಬೇಡ್ವಾ? ಸರಿ, ಇಲ್ಲೇ ಇಟ್ಟಿರ್ತೀನಿ.

ಯಂತ್ರದವರು ಊಟಕ್ಕೆ ಹೋಗಿದ್ದಾರೆ. ಬೆಳಿಗ್ಗೆಯಿಂದ ಆ ಸದ್ದು ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಯ್ತು. ಹಲ್ಲು ಕಿತ್ತ ಹಾಗೆ ಕೀಳ್ತಾರೆ ಒಂದೊಂದನ್ನೂ. ಬಾಗಿಲಲ್ಲೆಲ್ಲ ಮಣ್ಣು, ಚಕ್ರದ ಜಾಗದಲ್ಲಿ ವಿಲೋ ಗಿಡದ ಬೇರು... ಇದೆಲ್ಲ ತೆಗೆದು, ದಡ ಇಳಿಜಾರು ಮಾಡಿ ಗಿಡ ನೆಡ್ತಾರಂತೆ. ಮೀನಿಗೆ ಒಳ್ಳೇದಂತೆ. ಆಗ ದಡ ಉಳಿಸ್ಕೊಳ್ಳೋಕೆ ಸರ್ಕಾರದವನೇ ಬಂದು, ಗುಜರಿ ಕಾರು ಹಾಕ್ರಿ, ಅದಕ್ಕಿಂತ ಅಗ್ಗದ ಉಪಾಯ ಇಲ್ಲ ಅಂತ ಹೇಳ್ಕೊಟ್ಟು ಹೋಗಿದ್ದ. ಆ ಮಾತು ಹುಡುಗಿ ಬರ್ಕೊಳ್ಳಲಿಲ್ಲ.

ನಿನಗೆ ನೆನಪಿದೆಯಲ್ಲ, ಅರವತ್ನಾಲ್ಕರ ಜೂನಿನ ಪ್ರವಾಹ. ಮೂರು ದಿನದಲ್ಲಿ ನಮ್ಮ ಹುಲ್ಲುಗಾವಲು ಅರ್ಧ ಹೋಯ್ತು. ಇನ್ನು ಐವತ್ತು ಹೆಜ್ಜೆ ಇತ್ತು ಮನೆಗೆ. ಕ್ಲಿಫರ್ಡ್ ಅಂಗಳದಲ್ಲಿ ನಿಂತು ಹೆಜ್ಜೆ ಹಾಕಿ ಅಳೆಯೋನು, ದಿನಾ. ಗುಜರಿ ಅಂಗಡಿ ಡೆಲ್ಬರ್ಟ್, ಬೇಕಾದಷ್ಟು ತಗೊಂಡು ಹೋಗ್ರಯ್ಯ, ನನ್ನ ಜಾಗ ಖಾಲಿಯಾಗುತ್ತೆ, ಅಂದ. ಎಂಜಿನ್ ಇಳಿಸಿ, ಎಣ್ಣೆ ಬಸಿದು, ಗಾಜು ಒಡೆದು... ಗಾಜು ಒಡೆಯೋ ಕೆಲಸ ನನ್ನದು. ಆ ಬೇಸಿಗೆ ಪೂರ್ತಿ ಕೈಯಲ್ಲಿ ಗಾಜಿನ ಚೂರು. ಒಂದರ ಹಿಂದಿನ ಸೀಟಿನಲ್ಲಿ ಯಾರದೋ ಕೂಸಿನ ಬೂಟು ಸಿಕ್ತು. ಅದನ್ನ ಎಸೆಯೋಕೆ ಮನಸ್ಸಾಗಲಿಲ್ಲ, ಅಲ್ಲೇ ಬಿಟ್ಟು ಮೇಲೆ ಕಲ್ಲು ತುಂಬಿದ್ವಿ.

ನಿನ್ನ ಗಂಡ ಲೈಲ್ ಬರ್ತಿದ್ದ ಟ್ರ್ಯಾಕ್ಟರ್ ತಗೊಂಡು. ಯಾರೂ ಕರೆದಿರಲಿಲ್ಲ. ನೀರು ಕಡಿಮೆ ಇದ್ದಲ್ಲಿ ಹೊಳೆ ದಾಟಿ, ಒದ್ದೆ ಪ್ಯಾಂಟಲ್ಲೇ ಬಂದು ನಿಲ್ಲೋನು. ‘ಎಲ್ಲಿ, ಇವತ್ತು ಯಾರ ಹೆಣ ಎಳೀಬೇಕು?’ ಅನ್ನೋನು. ಆ ಸಾಲಿನ ಹತ್ತೊಂಬತ್ತು ಕಾರೂ ಅವನೇ ಎಳೆದಿದ್ದು. ಒಂದರ ಬಾನೆಟ್ಟಿಗೆ ಇನ್ನೊಂದರ ಬಾಲ ಮುಟ್ಟಿಸಿ, ಎಷ್ಟು ನೀಟಾಗಿ... ನೋಡು, ಈಗಲೂ ಗೆರೆ ಎಳೆದ ಹಾಗಿದೆ.

ಮೀನು ಹಿಡಿಯೋರಿಗಂತೂ ಹಬ್ಬವಾಯ್ತು ಆಮೇಲೆ. ಎದೆವರೆಗೆ ರಬ್ಬರ್ ಪ್ಯಾಂಟು ಹಾಕ್ಕೊಂಡು ಪಟ್ಟಣದಿಂದ ಬರೋರು. ಕ್ಲಿಫರ್ಡ್ ಅವರಿಗೆ ಹೇಳೋನು, ದೊಡ್ಡ ಟ್ರೌಟು ಬೇಕಾದ್ರೆ ಬ್ಯೂಕ್ ಕಾರಿನ ಕಿಟಕೀಲಿ ಗಾಳ ಬಿಡಿ ಸ್ವಾಮಿ, ಹಿಂದಿನ ಸೀಟಲ್ಲಿ ಕೂತಿರುತ್ತೆ, ಡ್ರೈವರ್ ಇನ್ನೂ ಬರ್ಲಿಲ್ಲ ಅಂತ ಕಾಯ್ತಾ...

ನಗಲಿಲ್ಲ ನೀನು. ಈ ಮಾತಿಗೆ ಮುಂಚೆಲ್ಲ ನಗ್ತಿದ್ದೆ.

ಏನು ನೋಡ್ತಿದ್ದೀಯ ಅಲ್ಲಿ? ಅವಾ... ಮೇಲ್ಗಡೆ ತಿರುವಿನವು. ಹೂಂ, ಮೂರಿವೆ ಅಲ್ಲಿ. ಇನ್ನೂ ಕಿತ್ತಿಲ್ಲ, ಸುತ್ತ ಮಣ್ಣು ಬಿಡಿಸಿದ್ದಾರೆ ಅಷ್ಟೆ. ಹೌದು, ಅವು ಅಡ್ಡ ಇವೆ. ಮೂತಿ ನೀರಿಗೆ. ನದಿ ತಿರುಗಿಸಿರುತ್ತೆ ಕಣೆ. ಐವತ್ತು ವರ್ಷ ಆಗ್ತಾ ಬಂತು, ಮಂಜುಗಡ್ಡೆ ಬಂದು ಗುದ್ದುತ್ತೆ, ಮರದ ದಿಮ್ಮಿ ಬಂದು ಗುದ್ದುತ್ತೆ, ತಿರುಗದೇ ಇರುತ್ತಾ...

ಹಾಗೆ ನೋಡ್ಬೇಡ ನನ್ನನ್ನ.

ಸರಿ. ನದಿ ತಿರುಗಿಸಿದ್ದಲ್ಲ. ಉಕ್ಕಿನ ಹಗ್ಗ ಹೇಗೆ ಕಟ್ಟಿದ್ವೋ ಹಾಗೇ ಇದೆ, ಕಣ್ಣಿಗೆ ಕಾಣ್ತಿದೆ. ಅವನ್ನ ಆಮೇಲೆ ಇಟ್ಟಿದ್ದು. ಸಾಲಿನ ಮೊದಲನೇ ಕಾರಿನ ಹಿಂದೆ ನೀರು ನುಗ್ಗೋಕೆ ಶುರುವಾಗಿತ್ತು. ಮುಂದಿನ ಪ್ರವಾಹಕ್ಕೆ ಇಡೀ ಸಾಲು ಎದ್ದು ಹೋಗುತ್ತೆ ಅಂತ ಕ್ಲಿಫರ್ಡ್‌ಗೆ ಊಟ ಸೇರ್ತಿರಲಿಲ್ಲ. ನೀವಿಬ್ಬರೂ ನಿನ್ನ ತಂಗಿ ಮದುವೆಗೆ ಹೋಗಿದ್ರಿ ನೋಡು, ಅವತ್ತು. ಆ ಶನಿವಾರ ಇಟ್ವಿ. ಲೈಲ್ ಇಲ್ಲದ ದಿನ ನೋಡ್ಕೊಂಡು. ಕ್ಲಿಫರ್ಡ್ ಇಟ್ಟ. ಸತ್ತು ಹನ್ನೊಂದು ವರ್ಷ ಆಯ್ತು, ಈಗ ಅವನನ್ನ ಯಾರು ಏನು ಕೇಳ್ತಾರೆ...

ಏನಾದ್ರೂ ಮಾತಾಡೆ ಆರ್ಡಿಸ್. ಬೈಯೋದಾದ್ರೆ ಬೈ.

ಅವನಲ್ಲ. ಪಾಪ, ಅವನಲ್ಲ. ಅವನು ಉದ್ದಕ್ಕೇ ಇಡ್ತಿದ್ದ. ಅಡ್ಡ ಇಡು ಅಂದಿದ್ದು ನಾನು. ನಾನು ಹೊಳೆ ಪಕ್ಕ ಬೆಳೆದವಳು, ಒಂದು ದಿಮ್ಮಿ ಅಡ್ಡ ಸಿಕ್ಕಿಹಾಕ್ಕೊಂಡ್ರೆ ನೀರು ಎಲ್ಲಿಗೆ ಹಾಯುತ್ತೆ ಅಂತ ಆರು ವರ್ಷದವಳಿದ್ದಾಗಲೇ ಗೊತ್ತಿತ್ತು ನನಗೆ. ಮೂತಿ ಹೊಳೆ ಕಡೆ ತಿರುಗಿಸು, ಒಳಗೆ ಬಂಡೆ ತುಂಬು, ಅಂದೆ. ಅವನು ಕೇಳಿದ, ‘ನೀರು ಆ ಕಡೆ ಹೋಗಲ್ವೇನೇ?’ ಅಂತ. ಎಲ್ಲಿಗಾದ್ರೂ ಹೋಗ್ಲಿ ಅಂದೆ. ಆ ಕಡೆ ಅಂದ್ರೆ ಯಾರ ಕಡೆ ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಎರಡನೇ ವರ್ಷಕ್ಕೆ ನಿಮ್ಮ ದಡ ಕುಸಿಯೋಕೆ ಶುರುವಾಯ್ತು. ಲೈಲ್ ಬಂದು ಇಲ್ಲೇ ನಿಂತು, ನಗ್ತಾ ಹೇಳಿದ, ‘ಈ ನದಿಗೆ ನಮ್ಮ ಹುಲ್ಲು ರುಚಿ ಹತ್ತಿದೆ’ ಅಂತ. ಅವನು ಮನೆಗೆ ಹೋದ ಮೇಲೆ ಕ್ಲಿಫರ್ಡ್ ಆ ಮೂರನ್ನೂ ಕಿತ್ತುಬಿಡೋಣ ಅಂದ. ನಾನು ಬೇಡ ಅಂದೆ. ಮುಂದಿನ ವರ್ಷ ಅಂದೆ.

ನೀನು ಬೆಚ್ಚಿಬೀಳಲಿಲ್ಲ.

...ನಿನಗೆ ಗೊತ್ತಿತ್ತಾ? ಆ ಹುಡುಗಿ ಬೆಳಿಗ್ಗೆ ನಕ್ಷೆ ತೆಗೆಯೋಕೆ ನಿಮ್ಮ ದಡಕ್ಕೆ ಹೋಗಿದ್ಳು. ಅವಳು ಹೇಳಿದ್ಳಾ? ನೀರನ್ನ ಬೇಕಂತಲೇ ನಿಮ್ಮ ಕಡೆಗೆ ತಿರುಗಿಸಿದ್ದಾರೆ ಅಂತ? ತಲೆ ಆಡಿಸ್ತೀಯ... ಅಂದ್ರೆ ಎಲ್ಲ ತಿಳ್ಕೊಂಡೇ ಬಂದು, ನಾನೇ ಹೇಳ್ಲಿ ಅಂತ ಕೂತಿದ್ದೀಯ.

ಹೇಳಿದ್ನಲ್ಲ ಈಗ. ಇನ್ನೂ ಯಾಕೆ ಕಾಯ್ತಿದ್ದೀಯ?

ಓ... ಅದೂ ಗೊತ್ತು ನಿನಗೆ. ನಲವತ್ತೈದು ವರ್ಷ ಕಾದಿದ್ದೀಯಾ ಅದಕ್ಕೆ? ಆಯ್ತು. ಇನ್ನು ಯಾಕೆ ಮುಚ್ಚಿಡ್ಲಿ, ನನಗೂ ಸಾಕಾಗಿದೆ ಕಣೆ.

ಮೇಲೆ ನಿಂತು ನೋಡಿದ್ರೆ ನಿಮ್ಮ ಹೊಲದ ಅಂಚು ಗಟ್ಟಿಯಾಗೇ ಕಾಣ್ತಿತ್ತು. ಹುಲ್ಲು ಸೊಂಟದೆತ್ತರ. ಕೆಳಗೆ ನೀರು ಜಲ್ಲಿಯನ್ನೆಲ್ಲ ಕೊರೆದು ಗುಹೆ ಮಾಡಿತ್ತು. ಹುಲ್ಲಿನ ಬೇರಿನ ಮೇಲೆ ನಿಂತಿತ್ತು ನೆಲ, ಎರಡು ಮಾರು ಅಗಲ. ಅದು ನಿಮಗೆ ಕಾಣೋ ಹಾಗಿರಲಿಲ್ಲ. ಈ ದಡದಿಂದ ಮಾತ್ರ ಕಾಣ್ತಿತ್ತು. ನಾನು ಬಟ್ಟೆ ಒಣಹಾಕೋ ತಂತಿ ಹತ್ರ ನಿಂತ್ರೆ ನೇರ ಎದುರಿಗೆ. ನೋಡಿದ್ದೆ. ಲೈಲ್ ಸಾಯೋಕೆ ಒಂದು ವಾರ ಮುಂಚೆ ನೋಡಿದ್ದೆ.

ಫೋನ್ ಎತ್ತಿದ್ದೆ ಆರ್ಡಿಸ್. ದೇವರಾಣೆ, ಎರಡು ಸಲ ಎತ್ತಿದ್ದೆ. ಆಗ ನಾಲ್ಕು ಮನೆಗೂ ಒಂದೇ ಲೈನಲ್ವಾ, ಯಾರೋ ಚೆರ್ರಿ ಜಾಮಿನ ಮಾತಾಡ್ತಿದ್ರು. ಇಟ್ಟುಬಿಟ್ಟೆ. ಹೇಳಿದ್ರೆ ಲೈಲ್ ಬಂದು ನೋಡ್ತಾನೆ. ನೋಡಿದ್ರೆ ನೀರು ಯಾಕೆ ಅಲ್ಲಿ ಕೊರೀತಿದೆ ಅಂತ ತಿರುಗಿ ಈ ಕಡೆ ನೋಡ್ತಾನೆ. ಆ ಅಂಚಿಂದ ಮೂರು ಕಾರೂ ಎದ್ದು ಕಾಣ್ತಿದ್ವು ಆಗ... ನಾಳೆ ಹೇಳೋಣ, ಹುಲ್ಲು ಕೊಯ್ಯೋಕೆ ಇನ್ನೂ ಟೈಮಿದೆ, ಅಂದ್ಕೊಂಡೆ. ನೀವು ಆ ವರ್ಷ ಬೇಗ ಕೊಯ್ದ್ರಿ.

ಟ್ರ್ಯಾಕ್ಟರ್ ಅಂಚಿಗೆ ಬರೋದು ಕಂಡೆ. ಕೈಯಲ್ಲಿ ಒದ್ದೆ ದುಪ್ಪಟಿ ಇತ್ತು. ಬಾಯಿ ತೆಗೆದೆನೋ ಇಲ್ವೋ, ಇವತ್ತಿಗೂ ಗೊತ್ತಿಲ್ಲ. ನೆಲ ಮಡಚಿಕೊಂಡ ಹಾಗಾಯ್ತು. ಟ್ರ್ಯಾಕ್ಟರ್ ಅವನ ಮೇಲೇ...

...

ಯಾಕೆ ಹಾಗೆ ತಿರುಗಿ ನೋಡ್ತೀಯ?

ಆರ್ಡಿಸ್... ಇದು ನಿನಗೆ ಗೊತ್ತಿತ್ತಲ್ವಾ? ಕಾರಿನ ವಿಷಯ ಗೊತ್ತಿದ್ದವಳು ಇದನ್ನೂ... ಸುಮ್ಮನೆ ಕೂತಿದ್ದು ಇದಕ್ಕೇ ಅಲ್ವಾ ನೀನು?

ಇಲ್ಲ. ಇದು ಗೊತ್ತಿರಲಿಲ್ಲ ನಿನಗೆ.

ಅಯ್ಯೋ. ಗೊತ್ತಿರಲಿಲ್ಲ.

ಏಳ್ಬೇಡ, ನೆಲ ಜಾರುತ್ತೆ. ನನ್ನ ಕೈ ಬೇಡ್ವಾ... ಸರಿ, ಮುಟ್ಟಲ್ಲ. ಪಿಕಪ್ಪನ್ನ ಹಿಡ್ಕೋ. ಹೋಗು, ನಾನು ತಡೆಯಲ್ಲ. ಮಣ್ಣು ಮಾಡಿದ ದಿನ ನಿಮ್ಮನೆಗೆ ಅಡುಗೆ ತಂದವಳು ನಾನು. ನನ್ನ ಭುಜದ ಮೇಲೆ ತಲೆಯಿಟ್ಟು ಹೇಳಿದೆ ನೀನು, ‘ಅಂಚಿನ ಹುಲ್ಲು ಬಿಡ್ಬೇಡ, ಚಳಿಗಾಲಕ್ಕೆ ಸಾಲಲ್ಲ ಅಂತ ಬೆಳಿಗ್ಗೆ ನಾನೇ ರೇಗಿದ್ದೆ ಬರ್ನೀಸ್, ನಾನೇ ಕಳಿಸಿದ್ದು’ ಅಂತ. ಪ್ರತಿ ಜುಲೈಗೂ ಹೇಳಿದ್ದೀಯ. ನಾನು ಪ್ರತಿ ಜುಲೈಗೂ ನಿನ್ನ ಬೆನ್ನು ಸವರಿದ್ದೀನಿ.

ಹೋಗೋದಾದ್ರೆ ಹೋಗು, ಆದ್ರೆ ಇದೊಂದು ಕೇಳಿಸ್ಕೊಂಡು ಹೋಗು. ನೀನು ರೇಗಿದ್ದಕ್ಕೆ ಅವನು ಸಾಯಲಿಲ್ಲ ಕಣೆ...

ಥೂ, ಯಂತ್ರ ಶುರು ಮಾಡಿಬಿಟ್ರು. ನಿಲ್ಲು ಆರ್ಡಿಸ್. ಕೇಳಿಸ್ತಾ? ಇನ್ನೊಂದು ಸಲ ಹೇಳ್ತೀನಿ, ನಿಲ್ಲು. ನೀನು ಹೇಳಿದ್ದಕ್ಕಲ್ಲ. ನಾನು ಹೇಳದೇ ಇದ್ದಿದ್ದಕ್ಕೆ.