ಕಿರುಬೆರಳಿನ ತಲಕಟ್ಟು

ಚಾ ಆಮೇಲೆ, ಕಸ್ತೂರಿ. ಮೊದ್ಲು ಕೂಡು... ಕೂಡವ್ವಾ! ಕಲ್ಕತ್ತಾದ ಪೇಟೆಂಟ್ ಕಚೇರಿಯಿಂದ ಬಂದೋನು ದಾವಣಗೆರೆಯಾಗೆ ಇಳೀಲೂ ಇಲ್ಲ, ಸೀದಾ ಹರಿಹರಕ್ಕೆ, ನಿನ್ನ ಮನಿಗೇ ಬಂದೀನಿ. ಹೊಟ್ಟೆ ಉರೀತೈತೆ ನಿಮ್ಮಣ್ಣಂಗೆ!

ಮುರುಗೇಶಪ್ಪ... ಹ್ಞಾಂ, ಅವ್ನೇ! ನಮ್ಮ ಟೈಪಿಂಗ್ ಕ್ಲಾಸಿನ ಪಾಲುದಾರ. ನಮ್ಮನ್ಯಾಗೇ ರೊಟ್ಟಿ ತಿಂದೋನು! ರಾಜ್ಯ ಒಂದಾದ ಮ್ಯಾಲೆ ಕಚೇರಿಗಳಿಗೆಲ್ಲ ಕನ್ನಡ ಮಿಷಿನ್ ಬೇಕಲ್ಲ... ನಾವು ಹೊಂದಿಸಿದ ಕೀಗಳ ಜೋಡಣೇನೇ ಕದ್ದು, ಮಿಷಿನ್ ಮಾಡಿಸಿ ಮಾರ್ತಾನೆ. ಮ್ಯಾಲೆ ನನ್ನ ಪೇಟೆಂಟಿಗೇ ತಕರಾರು! ಕಲ್ಕತ್ತಾದಾಗೆ ವಿಚಾರಣೆಗೆ ಎದ್ದು ನಿಂತು ಏನಂದ ಗೊತ್ತಾ? "ಇದ್ರಾಗೆ ಹೊಸಾದೇನೈತೆ ಸ್ವಾಮಿ? ತಲಕಟ್ಟು ಹೆಚ್ಚು ಬರುತ್ತೆ, ಗಟ್ಟಿ ಬೆರಳಿಗೆ ಕೊಟ್ಟಾರೆ. ಯಾರಿಗಾದ್ರೂ ತೋಚೋದೇ!" ಯಾರಿಗಾದ್ರೂ...!

ಯಾಕ ನಗ್ತಿ? ನಗೋ ಮಾತಾ ಇದು?

ಯಾರಿಗಾದ್ರೂ ತೋಚೋದಾದ್ರೆ ಅವ್ನಿಗ್ಯಾಕ ತೋಚ್ಲಿಲ್ಲ? ನಮ್ಮ ಪಡಸಾಲ್ಯಾಗೆ ರಟ್ಟಿನ ಮ್ಯಾಲೆ ಅಕ್ಷರ ಬರ್ದು, ಅಳಿಸಿ, ಮತ್ತೆ ಬರ್ದು... ಮೊದ್ಲು ತಲಕಟ್ಟು ಕಿರುಬೆರಳಿಗೆ ಕೊಟ್ಟು, ಬೆರಳು ಬಾತು, ಅವ್ವ ಎಣ್ಣೆ ತಿಕ್ಕಿ... ಒಂದಾ ಎರಡಾ ಪಡಿಪಾಟಲು!

ನಿನ್ನ ಕೈ ಯಾಕ ನೋಡ್ಕೊಳ್ತಿ? ...ಹ್ಞೂಂ, ಅದೇ ಬೆರಳು. ಯಾರ ಬೆರಳಾದ್ರೇನು, ನಮ್ಮನೀದು ತಾನೆ?

ಕೇಳಿಲ್ಲಿ. ವಿಚಾರಣೆ ಮಾಡೋ ಸಾಹೇಬ್ರು ನನ್ನ ಕಡೆ ತಿರುಗಿದ್ರು. "ಕಲ್ಲೇಶಪ್ಪನವರೇ, ಕೊಂಬನ್ನ ಎಡಗೈಯಿಂದ ಬಲಗೈಗೆ ಯಾಕೆ ತಂದ್ರಿ? ಏನೇನು ಮಾಡಿ ಸೋತ್ರಿ? ಅದನ್ನ ಹೇಳ್ರಿ, ಸುಲಭಕ್ಕೆ ತೋಚಿದ್ದಲ್ಲ ಅಂತ ಒಪ್ತೀನಿ" ಅಂದ್ರು. ನಾನು... ಅರ್ಜಿ ಹಾಳೆ ಹಿಂದಕ್ಕೂ ಮುಂದಕ್ಕೂ ತಿರುವಿದೆ. ಅದ್ರಾಗೆಲ್ಲೈತೆ ಅದು! ಆ ಮುರುಗೇಶಪ್ಪ ಬಾಯಿಗೆ ಶಲ್ಯ ಅಡ್ಡ ಹಿಡ್ಕೊಂಡು ನಕ್ಕ. ಇನ್ನೊಂದು ವಾಯಿದೆ ಕೊಟ್ಟಾರೆ. ಅದೇ ಕಡೀದು.

ಬ್ಯಾಡ ಬ್ಯಾಡ, ನೀ ಕಲ್ಕತ್ತಾಕ್ಕೆ ಬರೋದೇನೂ ಬ್ಯಾಡ! ಇಲ್ಲೇ ಕುಂತು ಹೇಳು... ಕೊಂಬು ಬಲಗೈಗೆ ಯಾಕ ತಂದಿ? ನಾ ಬಾಯಿಪಾಠ ಮಾಡ್ಕೊಂಡು ಹೋಗಿ ಒಪ್ಪಿಸ್ತೀನಿ.

ಕಸ್ತೂರೀ...

ಅರ್ಜಿಯಾಗೆ ಯಾರ ಹೆಸ್ರೈತೆ ಅಂತ ಈಗ್ಯಾಕ ಕೇಳ್ತಿ? ...ಹೌದು, ಅರ್ಜಿಯಾಗೆ ಇಬ್ರ ಹೆಸ್ರೂ ಐತೆ ಅಂದಿದ್ದೆ. ಅಂದಿದ್ದೆ. ಮದ್ವೆ ಆಗಿ ಹೋಗೋ ಹೆಣ್ಮಗಳ ಹೆಸ್ರನ್ನ ಕಚೇರಿಯಾಗೆ ಕೂಗಿಸೋದು ಯಾಕ ಅಂತ ನಂದೊಂದೇ ಹಾಕಿದೆ... ನಿನ್ನ ಒಳ್ಳೇದಕ್ಕೇ... ಅಯ್ಯ, ದ್ರೋಹ ಮಾಡಿದೋನು ಮುರುಗೇಶಪ್ಪ ಕಣವ್ವಾ! ಅವ್ನನ್ನ ಬಯ್ಯಿ! ನನ್ನ ಜತಿಗೆ ಸೇರಿ ಒಂದ್ಸಾರಿ ಬಯ್ಯಿ!

ಎಲ್ಲಿಗೆ ಎದ್ದಿ?

ಕಸ್ತೂರಿ... ನನ್ನ ಚೀಲ ಯಾಕ ತಗಂಡ್ಹೋಗಿ ಹೊಸ್ತಿಲಾಗೆ ಇಡ್ತಿ? ನಾ ಹೊರಡ್ತೀನಿ ಅಂತ ಇನ್ನೂ ಅಂದೇ ಇಲ್ಲವಲ್ಲ...