ಮರಳಿನಲ್ಲಿ ಬಿದ್ದ ಬೈಕು ಎತ್ತಿದ ವಿಚಾರ

ನಾನು, ವಯಸ್ಸು ಮೂವತ್ತೇಳು, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ, ವಾಸ ಹಳೆಯ ಬಸ್ ಡಿಪೋ ಹಿಂದಿನ ಬೀದಿಯ ಎರಡನೇ ಮಹಡಿ, ಈ ದಿನ ಠಾಣೆಗೆ ನಾನಾಗಿಯೇ ಬಂದು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದು ಏನೆಂದರೆ:

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ನನ್ನ ಮೇಲೆ ಕೊಟ್ಟಿರುವ ದೂರನ್ನು ನನಗೆ ಓದಿ ಹೇಳಲಾಯಿತು. ನಾನು ಕಾರಣವಿಲ್ಲದೆ ಹೆಲ್ಮೆಟ್ಟಿನಿಂದ ಅವರ ಮುಖಕ್ಕೆ ಹೊಡೆದು ಎರಡು ಹಲ್ಲು ಮುರಿದೆ ಎಂದು ಅದರಲ್ಲಿದೆ. ಹೊಡೆದದ್ದು ನಿಜ. ಕಾರಣವಿಲ್ಲದೆ ಎಂಬುದು ಸುಳ್ಳು.

ನನ್ನ ಗಂಡ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು, ವಯಸ್ಸು ನಲವತ್ತು. ಭಾವ ಅವರಿಗಿಂತ ಆರು ವರ್ಷ ದೊಡ್ಡವರು. ಹಿಂದೆ ಮೋಟರ್‌ಸೈಕಲ್ ರೇಸುಗಳಲ್ಲಿ ಓಡಿಸುತ್ತಿದ್ದರು. ಈಗ ಊರಿಂದ ಹದಿನೆಂಟು ಕಿಲೋಮೀಟರ್ ಆಚೆ, ಕೆಲಸ ನಿಂತುಹೋದ ಕಲ್ಲು ಕ್ವಾರಿಯಲ್ಲಿ ಶಿಬಿರ ನಡೆಸುತ್ತಾರೆ. ದೊಡ್ಡ ಅಡ್ವೆಂಚರ್ ಬೈಕುಗಳನ್ನು ರಸ್ತೆಯಿಲ್ಲದ ಕಡೆ, ಕಲ್ಲು, ಏರು, ಮರಳಿನ ಮೇಲೆ ಓಡಿಸುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಶನಿವಾರ, ಭಾನುವಾರ ಎರಡು ದಿನದ ಪಾಠ.

ನನ್ನ ಗಂಡನಿಗೆ ಚಿಕ್ಕಂದಿನಿಂದ ಅಣ್ಣನ ಬೈಕುಗಳೆಂದರೆ ಪ್ರಾಣ. ಅಣ್ಣ ಒಂದು ದಿನವೂ ಮುಟ್ಟಲು ಬಿಟ್ಟವರಲ್ಲ. ಕಳೆದ ತಿಂಗಳು ಅವರೇ ಫೋನ್ ಮಾಡಿ, ನಲವತ್ತಾಯಿತು, ಈಗಲಾದರೂ ಬಂದು ಗಂಡಸಾಗು, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದರು. ಮಾರನೇ ದಿನವೇ ನನ್ನ ಗಂಡ ಪಾದದ ಗಂಟು ಮುಚ್ಚುವ ದಪ್ಪ ಬೂಟು ಕೊಂಡು ತಂದರು. ಹೊಸ ಬೂಟು ಮೆತ್ತಗಾಗಲಿ ಎಂದು ಸಂಜೆ ಹೊತ್ತು ಅದನ್ನು ಹಾಕಿಕೊಂಡೇ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಅಡುಗೆಮನೆಗೆ ನೀರು ಕುಡಿಯಲು ಬಂದರೆ ದಪದಪ ಸದ್ದು. ಕೆಳಮನೆಯವರು ಬಂದು ಬಾಗಿಲು ತಟ್ಟಿದ್ದೂ ಉಂಟು. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಹೋಗಬೇಕಾದ ಬೆಟ್ಟದ ದಾರಿಯನ್ನು ಶಾಲೆಯ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟಿದ್ದರು.

ಶನಿವಾರ ಬೆಳಿಗ್ಗೆ ಏಳಕ್ಕೆ ಕ್ವಾರಿ ತಲುಪಿದೆವು. ಕಲಿಯುವವರು ಐದು ಜನ. ನಾವಿಬ್ಬರು, ಒಬ್ಬ ಹಲ್ಲಿನ ಡಾಕ್ಟರು, ಮತ್ತೆ ಜೊತೆಯಾಗಿ ಟೈಲ್ಸ್ ಅಂಗಡಿ ನಡೆಸುವ ಇಬ್ಬರು ಗೆಳೆಯರು. ತಗಡಿನ ಶೆಡ್ಡಿನ ಮುಂದೆ ಸಾಲಾಗಿ ನಿಲ್ಲಿಸಿ ಭಾವ ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿದರು. ನನ್ನ ಗಂಡನ ಸರದಿ ಬಂದಾಗ ಅವರ ಹೆಗಲ ಮೇಲೆ ಕೈಹಾಕಿ, "ಇವನು ನನ್ನ ತಮ್ಮ. ಮನೇಲಿ ಇವನ ಹೆಸರು ಗೊಣ್ಣೆ. ಹತ್ತು ವರ್ಷ ಆಗೋವರೆಗೂ ಮೂಗು ಒರೆಸಿಕೊಳ್ಳೋಕೆ ಬರ್ತಿರ್ಲಿಲ್ಲ" ಎಂದರು. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಮಧ್ಯಾಹ್ನದ ಊಟದ ಹೊತ್ತಿಗೆ ಟೈಲ್ಸ್ ಅಂಗಡಿಯವರು ಅವರನ್ನು ಗೊಣ್ಣೆ ಸರ್ ಎಂದು ಕರೆದು ನೀರಿನ ಬಾಟಲಿ ಕೇಳುತ್ತಿದ್ದರು.

ನನಗೆ ಸೀಟು ತಗ್ಗಿಸಿದ ಬೈಕು ಕೊಟ್ಟರು. ನನ್ನ ಗಂಡನಿಗೆ ಅಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು, ಇನ್ನೂರ ನಲವತ್ತು ಕಿಲೋ ತೂಗುವುದನ್ನು ಕೊಟ್ಟರು. ಅವರು ನನಗಿಂತ ಎರಡು ಇಂಚು ಕುಳ್ಳು. ಕೂತರೆ ಒಂದು ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಬೈಕು ಅದಲು ಬದಲು ಮಾಡಿಕೊಳ್ಳುತ್ತೇವೆ ಎಂದು ನಾನು ಕೇಳಿದೆ. "ಬೆಟ್ಟ ನಿನ್ನ ಗಂಡನ ಕಾಲಳತೆ ಕೇಳ್ಕೊಂಡು ಹುಟ್ಟಿರಲ್ಲಮ್ಮ" ಎಂದು ಭಾವ ಹೇಳಿದರು.

ಭಾವ ಚೆನ್ನಾಗಿ ಕಲಿಸುತ್ತಾರೆ. ಇದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಓಡಿಸುವುದು, ಮೊಣಕಾಲಿನಿಂದ ಟ್ಯಾಂಕನ್ನು ಅವುಚಿ ಹಿಡಿಯುವುದು, ಹ್ಯಾಂಡಲ್ಲನ್ನು ಮಾತ್ರ ಸಡಿಲ ಬಿಡುವುದು, ಮುಂದಿನ ಚಕ್ರ ನೋಡದೆ ದೂರ ನೋಡುವುದು, ಇವನ್ನೆಲ್ಲ ನನಗೆ ತಾಳ್ಮೆಯಿಂದ ಹೇಳಿಕೊಟ್ಟರು. ನಾನು ಅಲ್ಲಿಯವರೆಗೆ ಸ್ಕೂಟರ್ ಬಿಟ್ಟು ಬೇರೆ ಗಾಡಿ ಮುಟ್ಟಿದವಳಲ್ಲ. ಮಧ್ಯಾಹ್ನದೊಳಗೆ ಡ್ರಮ್ಮುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತಿ ಬಂದೆ. ನಿಂತು ಓಡಿಸುವಾಗ ಬೈಕು ನನ್ನ ಕೆಳಗೆ ತಾನೇ ಕುಣಿಯುತ್ತದೆ, ನಾನು ಮೇಲೆ ಸುಮ್ಮನೆ ಇರುತ್ತೇನೆ. ನನಗೆ ಬಹಳ ಸಂತೋಷವಾಯಿತು. ಅದನ್ನು ಮುಖದಲ್ಲಿ ಮುಚ್ಚಿಡಲು ನನಗೆ ಬರಲಿಲ್ಲ. ಭಾವ ಅಂದಿನಿಂದ ನನ್ನನ್ನು ರಾಣಿ ಎಂದು ಕರೆಯತೊಡಗಿದರು. ಕರೆಯುವಾಗಲೆಲ್ಲ ನನ್ನನ್ನು ನೋಡದೆ ನನ್ನ ಗಂಡನನ್ನು ನೋಡುತ್ತಿದ್ದರು.

ಶಿಬಿರದಲ್ಲಿ ಒಂದು ನಿಯಮವಿತ್ತು. ಬಿದ್ದವನೇ ಬೈಕು ಎತ್ತಬೇಕು, ಬೇರೆಯವರು ಕೈಹಾಕುವಂತಿಲ್ಲ. ಮೊದಲು ಎಂಜಿನ್ ಆಫ್ ಮಾಡಬೇಕು, ಆಮೇಲೆ ಗೇರಿಗೆ ಹಾಕಬೇಕು, ಹ್ಯಾಂಡಲ್ ತಿರುಗಿಸಬೇಕು, ಸೀಟಿಗೆ ಬೆನ್ನು ಕೊಟ್ಟು ಕಾಲಿನ ಬಲದಲ್ಲಿ ಹಿಂದಕ್ಕೆ ನಡೆಯುತ್ತಾ ಎತ್ತಬೇಕು. ಆ ದಿನ ನಾನು ಎರಡು ಸಲ ಬಿದ್ದೆ, ಉಳಿದವರೂ ಹಾಗೇ. ನನ್ನ ಗಂಡ ಒಂಬತ್ತು ಸಲ ಬಿದ್ದರು, ಒಂಬತ್ತು ಸಲವೂ ಎತ್ತಿದರು. ಅವರು ಬಿದ್ದಾಗಲೆಲ್ಲ ಭಾವ ನಮ್ಮಿಂದ ಚಪ್ಪಾಳೆ ಹೊಡೆಸಿದರು. ನಾನು ಹೊಡೆಯದೆ ನಿಂತಾಗ, ನನ್ನ ಗಂಡನೇ ಮರಳು ಕೊಡವಿಕೊಳ್ಳುತ್ತಾ, ಹೊಡಿ ಪರವಾಗಿಲ್ಲ, ತಮಾಷೆಗೆ ತಾನೇ ಎಂದರು.

ಸಂಜೆ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಅವರಿಗೆ ಅಂಗಿಯ ಗುಂಡಿ ಬಿಚ್ಚಲು ಆಗಲಿಲ್ಲ. ನಾನೇ ಬಿಚ್ಚಿದೆ. ಸೊಂಟದ ಎಡಭಾಗ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. "ರೀ, ಬೆಳಿಗ್ಗೆ ಎದ್ದು ಮನೆಗೆ ಹೋಗಿಬಿಡೋಣ" ಎಂದೆ. "ಇನ್ನೊಂದೇ ದಿನ ಕಣೇ. ಅಣ್ಣ ಇಷ್ಟು ಹೊತ್ತು ನನ್ನ ಜೊತೆ ಯಾವತ್ತೂ ಕಳೆದಿಲ್ಲ" ಎಂದರು.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಮರಳಿನ ಪಾಠ. ಕ್ವಾರಿಯ ತಳದಲ್ಲಿ ಲಾರಿಗಳಿಂದ ಮರಳು ಸುರಿಸಿ ಮೂವತ್ತು ಮೀಟರ್ ಉದ್ದದ ಹಾದಿ ಮಾಡಿದ್ದಾರೆ. ಮರಳಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಮುಂದಿನ ಚಕ್ರ ಹೂತುಕೊಂಡು ಬೈಕು ಮಗುಚುತ್ತದೆ. ಧೈರ್ಯ ಮಾಡಿ ಮೈಯನ್ನು ಹಿಂದಕ್ಕೆ ಹಾಕಿ ಅದನ್ನು ತಿರುವುತ್ತಲೇ ಇರಬೇಕು. ನನ್ನ ಗಂಡ ಮೂರು ಸಲ ಹೋಗಿ ಮೂರು ಸಲವೂ ನಡುವೆ ಬಿದ್ದರು. ಮೂರನೇ ಸಲ ಎತ್ತುವಾಗ ಅವರ ಬಾಯಿಂದ ಉಸಿರಿನ ಜೊತೆ ಸಣ್ಣಗೆ ದನಿ ಬರುತ್ತಿತ್ತು. ಆಗ ಭಾವ ನನ್ನನ್ನು ಕರೆದು ಓಡಿಸಲು ಹೇಳಿದರು. ನಾನು ಒಂದೇ ಉಸಿರಿಗೆ ಆ ತುದಿ ಮುಟ್ಟಿದೆ. ಭಾವ ಎಲ್ಲರಿಂದ ಚಪ್ಪಾಳೆ ಹೊಡೆಸಿ, "ಗೊಣ್ಣೆ, ನಿಂಗೆ ಯಾಕಪ್ಪಾ ಬೈಕು? ಹೆಂಡ್ತಿ ಸೊಂಟ ಹಿಡ್ಕೊಂಡು ಹಿಂದೆ ಕೂತ್ಕೋ, ಬೆಟ್ಟ ತೋರಿಸ್ಕೊಂಡು ಬರ್ತಾಳೆ" ಎಂದರು.

ನನ್ನ ಗಂಡ ಬೈಕಿನ ಕಡೆ ನಡೆದರು. ನಾನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ಅವರ ಹಿಂದೆ ಹೋಗಿ, ಸಾಕು ಬನ್ನಿ ಎಂದೆ. "ನೀನು ಸುಮ್ನಿರು. ನಿಂದು ಆಯ್ತಲ್ಲ" ಎಂದರು. ಆ ದನಿಯಲ್ಲಿ ಅವರು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

ಹನ್ನೆರಡು ಮೀಟರಿನಷ್ಟು ಹೋಗಿ ಮುಂದಿನ ಚಕ್ರ ಹೂತುಕೊಂಡಿತು. ಬೈಕು ಬಲಕ್ಕೆ ಬಿತ್ತು. ಸೈಲೆನ್ಸರ್ ಇರುವುದು ಅದೇ ಬದಿಯಲ್ಲಿ. ಬಲಗಾಲು ಕೆಳಗೆ ಸಿಕ್ಕಿತು. ಮರಳಿನಡಿ ಕಲ್ಲೊಂದು ಇದ್ದುದರಿಂದ ಕಾಲನ್ನು ಎಳೆದುಕೊಳ್ಳಲು ಅವರಿಗೆ ಆಗಲಿಲ್ಲ. "ಅಣ್ಣಾ, ಕಾಲು" ಎಂದು ಕೂಗಿದರು. ಟೈಲ್ಸ್ ಅಂಗಡಿಯ ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಅದನ್ನು ಅಳಿಸಿಬಿಟ್ಟೆ ಎಂದು ಅವರು ಆಮೇಲೆ ನನಗೆ ಹೇಳಿದ್ದಾರೆ.

ಭಾವ ಎರಡೂ ಕೈ ಅಗಲಿಸಿ ಅಡ್ಡ ನಿಂತು, ಯಾರೂ ಮುಟ್ಟಕೂಡದು ಎಂದರು. ಅಲ್ಲಿಂದ ಮುಂದೆ ನಡೆದ ಮಾತನ್ನು ಆಡಿದ ಹಾಗೆಯೇ ಬರೆಸುತ್ತೇನೆ.

"ಗೊಣ್ಣೆ, ಬಿದ್ದ ಮೇಲೆ ಮೊದಲನೇ ಕೆಲಸ ಏನು?"

"ಎಂಜಿನ್ ಆಫ್ ಮಾಡೋದು ಅಣ್ಣಾ."

"ಮಾಡಿದೀಯಾ?"

"ಮಾಡಿದೀನಿ."

"ಎರಡನೇದು?"

"ಸುಡ್ತಿದೆ ಅಣ್ಣಾ."

"ಅದು ಎರಡನೇದಲ್ಲ."

ಟೈಲ್ಸ್ ಅಂಗಡಿಯವರು ನಕ್ಕರು. ಡಾಕ್ಟರು ನಗಲಿಲ್ಲ, ಮುಂದೆಯೂ ಬರಲಿಲ್ಲ. ನನ್ನ ಗಂಡ, "ಗೇರಿಗೆ ಹಾಕೋದು" ಎಂದರು. ಭಾವ ಮೂರನೆಯದನ್ನು ಕೇಳಿದರು. ಅಷ್ಟರಲ್ಲಿ ಪ್ಯಾಂಟಿನ ಬಟ್ಟೆ ಕರಗುವ ವಾಸನೆ ಬಂತು, ಅದರ ಹಿಂದೆಯೇ ಇನ್ನೊಂದು ವಾಸನೆ. ನನ್ನ ಗಂಡ ಕೂಗುವುದನ್ನು ನಿಲ್ಲಿಸಿದ್ದರು. ಪಾಠ ಒಪ್ಪಿಸುವ ಹುಡುಗನ ಹಾಗೆ, ತಗ್ಗಿದ ದನಿಯಲ್ಲಿ, ಹ್ಯಾಂಡಲ್ ತಿರುಗಿಸೋದು, ಹ್ಯಾಂಡಲ್ ತಿರುಗಿಸೋದು ಎಂದು ಹೇಳುತ್ತಲೇ ಇದ್ದರು.

ನಾನು ಓಡಿದೆ. ಭಾವ ನನ್ನ ಜಾಕೆಟ್ಟಿನ ಕಾಲರು ಹಿಡಿದು ನಿಲ್ಲಿಸಿದರು. "ಇವತ್ತು ನೀನು ಎತ್ತಿದ್ರೆ ಜೀವನ ಪೂರ್ತಿ ನೀನೇ ಎತ್ತಬೇಕಾಗುತ್ತೆ, ರಾಣಿ" ಎಂದರು. ನಾನು ಎರಡು ಸಲ, "ಬಿಡಿ ಭಾವ" ಎಂದೆ. ಮೂರನೇ ಸಲ ಕೇಳಲಿಲ್ಲ. ಕೈಯಲ್ಲಿದ್ದ ಹೆಲ್ಮೆಟ್ಟಿನಿಂದ ಬಾಯಿಗೆ ಹೊಡೆದೆ. ಅವರು ಕಾಲರು ಬಿಡಲಿಲ್ಲ. ಮತ್ತೊಮ್ಮೆ ಹೊಡೆಯಲು ಹೆಲ್ಮೆಟ್ ಎತ್ತಿದೆ. ಆಗ ಬಿಟ್ಟರು. ದೂರಿನಲ್ಲಿ ಒಂದೇ ಏಟು ಎಂದು ಇರುವುದು ಸರಿಯಾಗಿದೆ.

ಡಾಕ್ಟರು ಓಡಿ ಬಂದದ್ದು ಭಾವನ ಹತ್ತಿರಕ್ಕೆ. ಮೊಣಕಾಲೂರಿ ಮರಳಿನಲ್ಲಿ ಹಲ್ಲಿನ ಚೂರು ಹುಡುಕತೊಡಗಿದರು. "ಡಾಕ್ಟ್ರೇ, ಹಲ್ಲು ಆಮೇಲೆ, ಮೊದಲು ಬೈಕು ಹಿಡೀರಿ" ಎಂದು ನಾನು ಕಿರುಚಿದ ಮೇಲೆ ಬಂದರು. ನಾನು ಸೀಟಿಗೆ ಬೆನ್ನು ಕೊಟ್ಟೆ, ಅವರು ಹಿಂಭಾಗ ಹಿಡಿದರು. ಭಾವ ಹೇಳಿಕೊಟ್ಟಿದ್ದ ಹಾಗೆಯೇ ಎತ್ತಿದೆವು. ಸೈಲೆನ್ಸರಿನ ಜೊತೆ ಪ್ಯಾಂಟು, ಪ್ಯಾಂಟಿನ ಜೊತೆ ಚರ್ಮ ಎದ್ದು ಬಂತು.

ಡಾಕ್ಟರ ಕಾರಿನಲ್ಲಿ ಆಸ್ಪತ್ರೆಗೆ ಹೋಗಲು ಐವತ್ತು ನಿಮಿಷ ಹಿಡಿಯಿತು. ನನ್ನ ಗಂಡನ ತಲೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ, ಅಣ್ಣನಿಗೆ ಬಹಳ ಪೆಟ್ಟಾಯಿತೇ ಎಂದು. ಪಾದದ ಗಂಟಿನಲ್ಲಿ ಮೂಳೆ ಬಿರುಕು ಬಿಟ್ಟಿದೆ. ಮೀನಖಂಡದಲ್ಲಿ ಅಂಗೈ ಅಗಲ ಮಾಂಸ ಸುಟ್ಟಿದೆ. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಬೇಕೆಂದು ಆಸ್ಪತ್ರೆಯವರು ತಿಳಿಸಿದ್ದಾರೆ.

ಸೋಮವಾರ ನನ್ನ ಅತ್ತೆ ಆಸ್ಪತ್ರೆಗೆ ಬಂದರು. ಮಗನ ಕಾಲು ನೋಡಿ ಅತ್ತರು. ಆಮೇಲೆ ನನ್ನನ್ನು ಹೊರಗೆ ಕರೆದು, "ಅಣ್ಣತಮ್ಮಂದಿರ ಮಧ್ಯೆ ನೀನ್ಯಾಕೆ ಹೋದೆ? ಅವರು ಚಿಕ್ಕವರಿದ್ದಾಗಿಂದ ಹೀಗೇ. ಒಂದ್ಸಲ ಇವನ ಕಾಲು ಹಿಡಿದು ನೀರಿನ ತೊಟ್ಟಿಯೊಳಗೆ ತಲೆಕೆಳಗೆ ಇಳಿಬಿಟ್ಟಿದ್ದ. ಮೇಲೆ ಎಳೆದ ತಕ್ಷಣ ಇವನು ಹೋಗಿ ಅಣ್ಣನ ಪಕ್ಕಾನೇ ಊಟಕ್ಕೆ ಕೂತ. ನಾನು ಮಧ್ಯೆ ಹೋದ್ನಾ?" ಎಂದು ಕೇಳಿದರು. ಹೋಗಬೇಕಾಗಿತ್ತು ಅತ್ತೆ ಎಂದೆ. ಅವರು ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಮಂಗಳವಾರ ಮಧ್ಯಾಹ್ನ ಭಾವ ಬಂದರು. ತುಟಿ ಊದಿತ್ತು, ಮಾತು ತೊದಲುತ್ತಿತ್ತು. ಮಂಚದ ಅಂಚಿನಲ್ಲಿ ಕೂತು ತಮ್ಮನ ಕೆನ್ನೆ ತಟ್ಟಿ, "ಗಂಡಸು ಕಣೋ ನೀನು. ಎಷ್ಟು ಹೊತ್ತು ತಡ್ಕೊಂಡೆ! ನಾನಾಗಿದ್ರೆ ಆಗ್ತಿರ್ಲಿಲ್ಲ" ಎಂದರು. ನನ್ನ ಗಂಡನ ಮುಖ ಅರಳಿತು. ನಮ್ಮ ಮದುವೆಯಾಗಿ ಹನ್ನೊಂದು ವರ್ಷ. ಆ ಮುಖವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಅಣ್ಣ ಎತ್ತಲು ಬರುತ್ತಿದ್ದಾಗ ಹೆಂಡತಿ ಸಿಟ್ಟಿನಲ್ಲಿ ಅಡ್ಡ ಬಂದು ಹೊಡೆದಳು ಎಂದು ನನ್ನ ಗಂಡ ಅದೇ ಸಂಜೆ ತಮಗೆ ಹೇಳಿಕೆ ಕೊಟ್ಟಿರುವುದಾಗಿ ಈ ದಿನ ತಾವು ನನಗೆ ತಿಳಿಸಿದಿರಿ. ಆ ಹೇಳಿಕೆ ಕೊಟ್ಟಾಗ ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ಮೇಲೆ ಬಂದಾಗ ಅವರು ನನ್ನನ್ನು ಹತ್ತಿರ ಕರೆದು, ಅಣ್ಣನ ಹತ್ತಿರ ಕ್ಷಮೆ ಕೇಳು, ದೂರು ವಾಪಸು ತೆಗೆದುಕೊಳ್ಳುತ್ತಾನೆ ಎಂದರು. ಕೇಳುವುದಿಲ್ಲ ಎಂದೆ. ಅವರು ಛಾವಣಿ ನೋಡುತ್ತಾ, "ನೀನು ಬರದೇ ಇದ್ದಿದ್ರೆ ನಾನೇ ಎತ್ತುತ್ತಿದ್ದೆ" ಎಂದರು.

ಈ ಕೊನೆಯ ಮಾತು ನಿಜವೋ ಸುಳ್ಳೋ ನಾನು ಹೇಳಲಾರೆ. ಇದೊಂದನ್ನು ಬಿಟ್ಟು ಮೇಲೆ ಬರೆಸಿರುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಕೈಯಾರೆ ಮಾಡಿದ್ದು. ಓದಿಸಿ ಕೇಳಿದೆ, ಒಂದಕ್ಷರವೂ ಬದಲಿಸುವುದು ಬೇಡ ಎಂದೆ.

ಸ್ಥಳ: ಠಾಣೆಯ ಮುಂಭಾಗದ ಕೋಣೆ
ದಿನ: ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಸಹಿ: (ಬೈಕು ಎತ್ತುವಾಗ ಬಲಗೈಯ ಅಂಗೈಗೆ ಆದ ಸುಟ್ಟಗಾಯಕ್ಕೆ ಪಟ್ಟಿ ಕಟ್ಟಿರುವುದರಿಂದ ಎಡಗೈಯಿಂದ ಹಾಕಿದ್ದು)