ಪರದೆಯ ಮೆಟ್ಟಿಲಲ್ಲಿ ಅಮ್ಮ

ಕಡಬದಿಂದ ಪುತ್ತೂರಿಗೆ ಹೊರಟ ಬಸ್ಸಿನಲ್ಲಿ ಭವಿತಾ ಹಾಡು ಕೇಳುತ್ತಿದ್ದಳು. ಮುಂದಿನ ಸೀಟಿನ ಅಣ್ಣ ತಂಗಿ, ತಾನು ಭಾನುವಾರವಷ್ಟೇ ನೋಡಿದ್ದ ಸಿನಿಮಾದ ಮಾತೆತ್ತಿದ್ದೇ ತಡ, ಇಯರ್‌ಫೋನ್ ಕಿತ್ತಳು. ಕಂಪ್ಯೂಟರಿನೊಳಗೆ ಕಟ್ಟಿದ ಸುಳ್ಳು ಊರೊಂದರ ಕತೆ ಅದು.

“ಆ ಊರಿಗೆ ಎಲ್ಲ ನಮೂನೆಯ ಜನ ಬೇಕು ಅಂತ ಸಿನಿಮಾದವರು ನೆಟ್ಟಣ ರೈಲ್ವೆ ಸ್ಟೇಷನ್ನಿನಲ್ಲಿ ಅಮ್ಮನ ಮುಖ, ನಡಿಗೆ ಎಲ್ಲ ಕ್ಯಾಮರಾದಲ್ಲಿ ಹಿಡ್ಕೊಂಡು ಹೋದ್ರಲ್ಲ ಅಣ್ಣ. ಇಡೀ ಸಿನಿಮಾದಲ್ಲಿ ನಮ್ಮ ಕಡೆಯವಳು ಅಂತ ಇರುದು ಅವಳೊಬ್ಬಳೇ. ಅವಳಿಗೂ ಒಂದು ಮಾತು ಕೊಡ್ಲಿಲ್ಲ.”

“ಅವಳು ಜನ್ಮದಲ್ಲಿ ಬಾಯಿ ಮುಚ್ಚಿ ನಿಂತದ್ದು ಅದೊಂದೇ ಕಡೆ ಮಾರಾಯ್ತಿ.”

“ನಗಾಡ್ಬೇಡ. ಸಿನಿಮಾದಲ್ಲಿ ಒಂದು ಮನೆ ಉಂಟಲ್ಲ, ಎಲ್ಲರೂ ಅದರೊಳಗೆ ಹೋಗ್ತಾರೆ, ಅವಳು ಮಾತ್ರ ಹೊರಗೆ. ಮೊದಲ ಸಲ ನೋಡುವಾಗ ಗೇಟಿನ ಹತ್ರ ಇದ್ದಳು. ಮೊನ್ನೆ ಮೆಟ್ಟಿಲಲ್ಲಿ.”

“ಸಿನಿಮಾ ಹಾಗೆಲ್ಲ ಬದಲಾಗುದುಂಟಾ?”

“ಸತ್ತವರನ್ನು ಮನೆಯೊಳಗೆ ಕರೆದು ಸೇರಿಸಿಕೊಳ್ಳುವ ಶಾಸ್ತ್ರದ ದಿನ, ಅಮ್ಮನನ್ನು ಅರ್ಧ ಕರೆದು, ಫೋನ್ ಬಂತು ಅಂತ ಎದ್ದು ಹೋದದ್ದು ಯಾರು?”

ಅಣ್ಣ ಕಿಟಕಿಯ ಕಡೆ ತಿರುಗಿದ. ಭವಿತಾಳಿಗೆ ಮೆಟ್ಟಿಲಲ್ಲಿ ನಿಂತ ಹೆಂಗಸು ನೆನಪಾದಳು. ಅವಳು ನೋಡುತ್ತಿದ್ದದ್ದು ಬಾಗಿಲನ್ನಲ್ಲ, ಥಿಯೇಟರಿನಲ್ಲಿ ಕೂತವರನ್ನು.

“ಈಗ ಎಂತ ಮಾಡುದು?” ಅಣ್ಣ ಕೇಳಿದ.

“ಇವತ್ತು ಥಿಯೇಟರಿನಲ್ಲಿ ಆ ಸೀನ್ ಬರುವಾಗ ನೀನೇ ಪೂರ್ತಿ ಕರಿ. ನಾಚಿಕೆ ಮಾಡ್ಬೇಡ.”

ಥಿಯೇಟರಿನ ಹತ್ತಿರ ಬಸ್ಸು ನಿಂತಿತು. ಅಣ್ಣ ತಂಗಿ ಇಬ್ಬರೂ ಎದ್ದರು.

“ಟಿಕೆಟ್ ಮೂರು ತೆಗಿ.”

“ಮೂರು ಯಾಕೆ?”

“ಕರೆದ ಮೇಲೆ ಬಂದವಳನ್ನು ನಿಲ್ಲಿಸುದಾ?” ಎನ್ನುತ್ತ ತಂಗಿ ಇಳಿದಳು.